ಲೋಕಸಭೆಗೆ ಪಕ್ಷೇತರರು: ಉತ್ತರ ಕನ್ನಡದಲ್ಲಿ ಸಾಧ್ಯವೇ?

ಬೆಟ್ಟದ ಸೊಪ್ಪು, ಶಿರಸಿ
2013ರಲ್ಲಿ ಕಾರವಾರದಲ್ಲಿ ಸತೀಶ ಸೈಲ್, ಭಟ್ಕಳದಲ್ಲಿ ಮಂಕಾಳ ವೈದ್ಯ ಇಬ್ಬರೂ ಪಕ್ಷೇತರರಾಗಿ ಗೆದ್ದರು. ಅದೇ ಮತದಾರರು ಲೋಕಸಭೆ ಬಂದರೆ ಪಕ್ಷದ ಚಿಹ್ನೆ ಬಿಟ್ಟು ಆಚೀಚೆ ನೋಡುವುದಿಲ್ಲ. ಇದು ಬರೀ ಪಕ್ಷನಿಷ್ಠೆಯೋ, ಬೇರೆ ಕಾರಣ ಇದೆಯೋ? ನಿಲ್ಲುವವರಿಗೆ ಏನೇನು ಬೇಕು?

ಸದಾಶಿವಗಡ
ನಿಷ್ಠೆಗಿಂತ ಹೆಚ್ಚಾಗಿ ಇದು ಹರವಿನ ತೊಡಕು ಮಾರಾಯ್ರೆ. ಕಾರವಾರ ವಿಧಾನಸಭೆ ಎಂದರೆ ಕಾರವಾರ, ಅಂಕೋಲಾ, ಮುಖಪರಿಚಯದಲ್ಲೇ ಮುಗಿಯುತ್ತದೆ. ಲೋಕಸಭೆಗೆ ಅಂಥ 8 ಕ್ಷೇತ್ರ. ಅದರಲ್ಲಿ ಖಾನಾಪುರ, ಕಿತ್ತೂರು ಬೆಳಗಾವಿ ಜಿಲ್ಲೆಯವು. ಭಟ್ಕಳದ ಮೀನುಗಾರರಿಗೆ ಗೊತ್ತಿರುವ ಹೆಸರು ಕಿತ್ತೂರಿನ ಕಬ್ಬಿನ ರೈತರಿಗೆ ಗೊತ್ತಿರುವುದಿಲ್ಲ. ಅಲ್ಲಿ ಪರಿಚಯದ ಕೆಲಸ ಮಾಡುವುದೇ ಚಿಹ್ನೆ.

ಇನ್ನು ಬೂತ್ ಲೆಕ್ಕ. ಒಂದು ವಿಧಾನಸಭಾ ಕ್ಷೇತ್ರಕ್ಕೆ 200 ಹಿಡಿದರೂ 1,600 ಮತಗಟ್ಟೆ. ಅಷ್ಟೂ ಕಡೆ ಏಜೆಂಟರನ್ನು ಕೂರಿಸಬೇಕು, ಊಟ ಮುಟ್ಟಿಸಬೇಕು, ಸಂಜೆ ಬೂತಿನಲ್ಲಿ ಬಿದ್ದ ಮತಗಳ ಲೆಕ್ಕವಿರುವ ನಮೂನೆ 17ಸಿ ಪ್ರತಿ ತರಿಸಿಕೊಳ್ಳಬೇಕು. ಜೊಯಿಡಾದ ಕಾಡಂಚಿನ ಬೂತುಗಳಲ್ಲೇ ಪಕ್ಷೇತರರ ಕುರ್ಚಿ ಖಾಲಿ ಬೀಳುವುದು.

ನಾಮಪತ್ರ
ಠೇವಣಿ 25,000 ರೂ., ಪರಿಶಿಷ್ಟರಿಗೆ 12,500. ಮಾನ್ಯತೆ ಪಡೆದ ಪಕ್ಷದವರಿಗೆ ಹೆಸರು ಸೂಚಿಸಿ ನಾಮಪತ್ರಕ್ಕೆ ಸಹಿ ಹಾಕುವ ಒಬ್ಬ ಸೂಚಕ ಸಾಕು, ಪಕ್ಷೇತರರಿಗೆ 10 ಜನ ಬೇಕು. ಹತ್ತೂ ಜನ ಇದೇ ಲೋಕಸಭಾ ಕ್ಷೇತ್ರದ ಮತದಾರರಾಗಿರಬೇಕು. ಖಾನಾಪುರದವರು ನಡೆಯುತ್ತಾರೆ, ಬೆಳಗಾವಿ ಪೇಟೆಯ ಮತದಾರರು ನಡೆಯುವುದಿಲ್ಲ. ಹತ್ತರಲ್ಲಿ ಒಬ್ಬರ ಮತದಾರರ ಪಟ್ಟಿಯ ಭಾಗ ಸಂಖ್ಯೆ ತಾಳೆಯಾಗದೆ ಪರಿಶೀಲನೆಯಲ್ಲಿ ಬಿದ್ದುಹೋದರೆ ಕಥೆ ಮುಗಿಯಿತು. ಅದಕ್ಕೇ ಬೇರೆ ಸೂಚಕರ ಸಹಿಯ ಇನ್ನೊಂದು ನಾಮಪತ್ರ ಹಾಕಿಡಿ. 4 ನಾಮಪತ್ರದವರೆಗೆ ಅವಕಾಶ ಇದೆ, ಠೇವಣಿ ಒಂದೇ. ಆಸ್ತಿ, ಸಾಲ, ಮೊಕದ್ದಮೆಗಳ ವಿವರ ಕೊಡುವ ನಮೂನೆ 26ರ ಪ್ರಮಾಣಪತ್ರದಲ್ಲಿ ಯಾವ ಕಲಮನ್ನೂ ಖಾಲಿ ಬಿಡಬೇಡಿ, ಇಲ್ಲದಿದ್ದರೆ ‘ಇಲ್ಲ’ ಎಂದೇ ಬರೆಯಿರಿ.

ದೊಡ್ಡ ಹೊಡೆತ ಚಿಹ್ನೆಯದ್ದು. ಯಾವ ಪಕ್ಷಕ್ಕೂ ಮೀಸಲಿಲ್ಲದ ಮುಕ್ತ ಚಿಹ್ನೆಗಳಲ್ಲಿ ಮೂರನ್ನು ಆದ್ಯತೆಯ ಮೇಲೆ ಬರೆದುಕೊಡಬಹುದು, ಆದರೆ ಕೈಗೆ ಸಿಗುವುದು ನಾಮಪತ್ರ ವಾಪಸಾತಿಯ ಗಡುವು ಮುಗಿದ ಮೇಲೆ. ಆಮೇಲೆ ಉಳಿಯುವ ಸುಮಾರು ಎರಡು ವಾರದಲ್ಲಿ ಕರಪತ್ರ ಅಚ್ಚಾಗಬೇಕು, ಘಟ್ಟ ಹತ್ತಿ ಇಳಿಯಬೇಕು. ಮತಯಂತ್ರದಲ್ಲೂ ಪಕ್ಷಗಳವರ ನಂತರವೇ ನಿಮ್ಮ ಹೆಸರು.

ಠೇವಣಿ ಉಳಿಯಲು ಸಿಂಧು ಮತಗಳ ಆರನೇ ಒಂದಕ್ಕಿಂತ ಹೆಚ್ಚು ಬೇಕು. 12 ಲಕ್ಷ ಬಿದ್ದರೆ 2 ಲಕ್ಷ ದಾಟಬೇಕು. ನೋಟಾ ಈ ಲೆಕ್ಕಕ್ಕೆ ಸೇರುವುದಿಲ್ಲ.

ಅಘನಾಶಿನಿ
ಆಗದ ಮಾತೇನಲ್ಲ. 1967ರಲ್ಲಿ ದಿನಕರ ದೇಸಾಯಿ ಇಲ್ಲಿಂದ ಪಕ್ಷೇತರರಾಗಿಯೇ ಲೋಕಸಭೆಗೆ ಹೋದರು. ಆದರೆ ಅವರ ಬೆನ್ನಿಗೆ ರೈತ ಹೋರಾಟ ಇತ್ತು, 1953ರಲ್ಲಿ ಶುರುವಾದ ಕೆನರಾ ವೆಲ್‌ಫೇರ್ ಟ್ರಸ್ಟಿನ ಶಾಲೆಗಳಿದ್ದವು. ಪಕ್ಷ ಇರಲಿಲ್ಲ, ಪಕ್ಷದ ಕೆಲಸ ಮಾಡುವ ಜಾಲ ಇತ್ತು. 2019ರ ಮಂಡ್ಯದ ಸುಮಲತಾ ಅವರನ್ನು ಇದಕ್ಕೆ ಹೋಲಿಸಬೇಡಿ. ಅಲ್ಲಿ ಬಿಜೆಪಿ ಅಭ್ಯರ್ಥಿಯನ್ನೇ ಹಾಕದೆ ಬೆಂಬಲಿಸಿತ್ತು.

ಬೆಟ್ಟದ ಸೊಪ್ಪು, ಶಿರಸಿ
ಗೆದ್ದ ಮೇಲೆ ಪಕ್ಷ ಸೇರಿದರೆ?

ನಾಮಪತ್ರ
ಸಂವಿಧಾನದ ಹತ್ತನೇ ಅನುಸೂಚಿ, ಅಂದರೆ ಪಕ್ಷಾಂತರ ನಿಷೇಧ ಕಾನೂನಿನ ಪ್ರಕಾರ ಸದಸ್ಯತ್ವ ಹೋಗುತ್ತದೆ. ಹೊರಗಿನಿಂದ ಬೆಂಬಲ ಕೊಡಬಹುದು, ಸೇರುವಂತಿಲ್ಲ. ಅಂದಹಾಗೆ, ಸೋತವರೂ ಫಲಿತಾಂಶದ 30 ದಿನದೊಳಗೆ ಖರ್ಚಿನ ಲೆಕ್ಕ ಒಪ್ಪಿಸಬೇಕು. ತಪ್ಪಿದರೆ 3 ವರ್ಷ ಅನರ್ಹತೆ ಬೀಳಬಹುದು. ಠೇವಣಿ ಹೋದ ಬೇಸರದಲ್ಲಿ ಹಲವರು ಮರೆಯುವುದು ಇದನ್ನೇ.