ಸಹಾಯ ಬೇಕು: ಅಕ್ಕಿ ಗಿರಣಿ ಇಆರ್‌ಪಿ ಸುತ್ತು ಎಲ್ಲಿ ಕಡೀಬೇಕು?

ನಮಸ್ಕಾರ್ರೀ. ಸಿಂಧನೂರಿನ ಒಂದು ಅಕ್ಕಿ ಗಿರಣಿ ಇಆರ್‌ಪಿಯೊಳಗ (ಖರೀದಿ, ಸ್ಟಾಕ್, ಲೆಕ್ಕ ಎಲ್ಲಾ ಒಂದೇ ಕಡೆ ಇಡೋ ಸಾಫ್ಟ್‌ವೇರ್) ಭತ್ತದ ಸ್ಟಾಕ್ ಗೋದಾಮಿನ ಲೆಕ್ಕಕ್ಕ ಹೊಂದವಲ್ದು. ವೇಬ್ರಿಜ್ (ಲಾರಿ ತೂಗೋ ಕಾಟಾ) ತೂಕ ತಾನಾಗೇ ಬರ್ತದ, ಆದ್ರ ತೇವಾಂಶಕ್ಕ ತೂಕದಾಗ ಕಳಿಯೋ ಕಡಿತ ಸಂಜೀಕ ಕೈಲೇ ಏರಿಸ್ತಾರ. ಅಲ್ಲೀತನಕ ರಸೀದಿ ಪೋಸ್ಟ್ ಆಗಂಗಿಲ್ಲ. ಅಷ್ಟ್ರಾಗ ಭತ್ತ ಮಿಲ್ಲಿಗೆ ಹೋಗಿರ್ತದ, ಇಶ್ಯೂ ಎಂಟ್ರಿ (ಗೋದಾಮಿನಿಂದ ಮಿಲ್ಲಿಗೆ ಕೊಟ್ಟ ಲೆಕ್ಕ) ಸಿಸ್ಟಮ್ ತಗೊಳ್ಳಂಗಿಲ್ಲ, ಸ್ಟೋರಿನವರು ಎಕ್ಸೆಲ್‌ನಾಗ ಬರ್ಕೊಂತಾರ. ಎರಡೂ ಲೆಕ್ಕ ಕೂಡ್ಸೋದ್ರಾಗ ಮರುದಿನದ ಎಂಟ್ರಿ ಇನ್ನೂ ತಡ, ಹಿಂಗ ಸುತ್ತು ನಿಲ್ಲವಲ್ದು.

ಹೊಸ ಆಪರೇಟರ್ ಹಾಕಿದ್ರ, ಅವರಿಗೆ ಕಲಿಸೋದ್ರಾಗ ಹಳಬರ ಟೈಮ್ ಹೋತು. ನೆಗೆಟಿವ್ ಸ್ಟಾಕ್ (ಲೆಕ್ಕದಾಗ ಇಲ್ಲದ ಮಾಲೂ ಇಶ್ಯೂ ಮಾಡೋದು) ಬಿಟ್ರ ಎಂಟ್ರಿ ಓಡಿದ್ವು, ಸರಾಸರಿ ದರ ಕೆಟ್ಟು ಅಕ್ಕಿ, ನುಚ್ಚು, ತೌಡಿನ ಕಾಸ್ಟಿಂಗ್ (ಖರ್ಚಿನ ಲೆಕ್ಕ) ಹಾಳಾತು. ಸಾಫ್ಟ್‌ವೇರ್ ಕೊಟ್ಟ ವೆಂಡರ್‌ದು ಒಂದೇ ಮಾತು, ‘ಟ್ರೈನಿಂಗ್ ಕಮ್ಮಿ’.

ಮೊದಲು ತೇವಾಂಶ ಗೇಟಿನಾಗೇ ಏರಿಸಿ ತಡ ತೆಗೀಬೇಕೋ, ಇಲ್ಲಾ ಮಿಲ್ ನಿಲ್ಲಿಸಿ ಚೀಲ ಎಣಿಸಿ ಸ್ಟಾಕ್ ಸರಿಮಾಡಬೇಕೋ? ಸುಗ್ಗಿ ನಡುವ ಮಾಡಿದವರು ಹೇಳ್ರಿ.