ಸಹಾಯ ಬೇಕು: ಸ್ಟೋರ್ ರೂಮಿನಲ್ಲಿ ಟೊಕೆ ಹಲ್ಲಿಗಳ ಕಾಳಗ

ಎಲ್ಲರಿಗೂ ನಮಸ್ಕಾರ. ನಾವು ಗುವಾಹಟಿಯಲ್ಲಿ ಬಾಡಿಗೆ ಮನೆಯಲ್ಲಿದ್ದೇವೆ. ಹಿಂದಿನ ಸ್ಟೋರ್ ರೂಮಿನಲ್ಲಿ ಒಂದು ಜೋಡಿ ಟೊಕೆ ಹಲ್ಲಿ ಸೇರಿಕೊಂಡಿವೆ. ನಮ್ಮೂರ ಹಲ್ಲಿ ಥರ ಅಲ್ಲ, ಒಂದಡಿ ಉದ್ದ. ಬೂದು ನೀಲಿ ಮೈಮೇಲೆ ಕಿತ್ತಳೆ ಚುಕ್ಕೆ. ರಾತ್ರಿಯೆಲ್ಲ ‘ಟೊಕ್ಕೇ, ಟೊಕ್ಕೇ’ ಅಂತ ಕೂಗು.

ಬೀರುವಿನ ಹಿಂದೆ ಗೋಡೆಗೆ ಎರಡು ಮೊಟ್ಟೆ ಅಂಟಿಸಿವೆ. ಕೀಳಲು ಹೋದರೆ ಒಡೆದೇ ಹೋಗುತ್ತವೆ, ಹಾಗಾಗಿ ಮುಟ್ಟಿಲ್ಲ. ತಂದೆ ತಾಯಿ ಎರಡೂ ಕಾವಲು ಕಾಯುತ್ತವೆ. ಮೊನ್ನೆ ಇನ್ನೊಂದು ಗಂಡು ಕಿಟಕಿಯಿಂದ ಬಂತು. ಎರಡು ಗಂಡುಗಳೂ ಬಾಯಿ ತೆರೆದು, ದವಡೆ ಕಚ್ಚಿ ಹಿಡಿದು ತುಂಬಾ ಹೊತ್ತು ಬಿಡಲೇ ಇಲ್ಲ. ಹೊಸದರ ಬಾಲ ತುಂಡಾಯಿತು. ಪಾಪ ಅನಿಸಿತು. ಪೊರಕೆಯಿಂದ ಬಿಡಿಸಲು ಹೋದೆ, ಪೊರಕೆಯನ್ನೇ ಕಚ್ಚಿ ನೇತಾಡಿತು!

ಮನೆಯಲ್ಲಿ ಮೂರು ವರ್ಷದ ಮಗು ಇದೆ. ವಿಷ ಇಲ್ಲ ಅಂತ ಗೊತ್ತು, ಆದರೆ ಕಚ್ಚಿದರೆ ಬಿಡುವುದಿಲ್ಲ ಅಲ್ವಾ? ಕೊಲ್ಲುವ ಮಾತೇ ಇಲ್ಲ. ಔಷಧಿ ಆಗುತ್ತೆ ಅನ್ನೋ ಸುಳ್ಳು ನಂಬಿ ಇವನ್ನು ಹಿಡಿದು ಮಾರುವವರಿದ್ದಾರೆ, ಅದಕ್ಕೇ ಅಕ್ಕಪಕ್ಕ ಹೇಳಿಲ್ಲ.

ಮರಿ ಬರುವವರೆಗೆ ರೂಮು ಮುಚ್ಚಿಟ್ಟು, ಕಿಟಕಿ ಮಾತ್ರ ತೆರೆದಿಟ್ಟರೆ ಸಾಕಾ? ಸೋತ ಗಂಡು ಮತ್ತೆ ಬರುತ್ತಾ? ಅರಣ್ಯ ಇಲಾಖೆಗೆ ಫೋನ್ ಮಾಡಬೇಕಾ? ಅನುಭವ ಇದ್ದವರು ದಯವಿಟ್ಟು ಹೇಳಿ.