ಎಸ್ಟೋನಿಯಾದಲ್ಲಿ 15 ಲಕ್ಷ ಹಾಕಬಹುದಾ? ಗೊತ್ತಿರೋರು ಹೇಳಿ

ಹಾಸನದವ: ಎಸ್ಟೋನಿಯಾದಲ್ಲಿ ಕಂಪನಿ ಲಾಭಕ್ಕೆ ತೆರಿಗೆನೇ ಇಲ್ಲ ಅಂತಾರೆ. ಕೈಲಿ 15 ಲಕ್ಷ ಇದೆ. ಇ-ರೆಸಿಡೆನ್ಸಿ (ಇಲ್ಲಿಂದಲೇ ಅಲ್ಲಿ ಕಂಪನಿ ನಡೆಸೋಕೆ ಆ ಸರ್ಕಾರ ಕೊಡೋ ಡಿಜಿಟಲ್ ಗುರುತು) ತಗೊಂಡು ಕಂಪನಿ ತೆರೆಯೋದಾ, ಸಣ್ಣ ಫ್ಲಾಟ್ ಕೊಳ್ಳೋದಾ? ಮಗಳು ಮುಂದಿನ ವರ್ಷ ಅಲ್ಲಿನ ತಾರ್ತು ಊರಿಗೆ ಓದೋಕೆ ಹೋಗ್ತಾಳೆ.

ಲೆಕ್ಕದ ಮೇಷ್ಟ್ರು: ಅರ್ಧ ಸತ್ಯ. ಲಾಭ ಕಂಪನಿಯೊಳಗೇ ಇರೋವರೆಗೆ ಸೊನ್ನೆ. ಡಿವಿಡೆಂಡ್ ತೆಗೆದ್ರೆ 22/78, ಅಂದ್ರೆ ಕೊಡೋ ಪ್ರತಿ 78ಕ್ಕೆ 22 ತೆರಿಗೆ. ನಿಮ್ಮ ಕೈಗೆ 10,000 ಯೂರೋ ಬರಬೇಕಾದ್ರೆ ಕಂಪನಿ ಅಲ್ಲಿ 2,820 ಕಟ್ಟಬೇಕು. ಅದು ಕಂಪನಿಯ ತೆರಿಗೆ, ನಿಮ್ಮ ಹೆಸರಲ್ಲಿ ಹಿಡಿದಿದ್ದಲ್ಲ. ಹಾಗಾಗಿ ದ್ವಿತೆರಿಗೆ ಒಪ್ಪಂದ ತೋರಿಸಿ ಇಲ್ಲಿನ ತೆರಿಗೇಲಿ ಅದನ್ನ ಕಳೀರಿ (ಕ್ರೆಡಿಟ್) ಅಂತ ಕೇಳೋಕಾಗಲ್ಲ. 30% ಸ್ಲ್ಯಾಬ್ ಆದ್ರೆ ಸೆಸ್ ಸೇರಿ ಮತ್ತೆ 3,120. ಒಟ್ಟು 12,820 ದುಡಿದು ಉಳಿದಿದ್ದು 6,880!

ತಾಲಿನ್ ಗೌಡ: ಮೇಷ್ಟ್ರೆ, ಡಿವಿಡೆಂಡ್ ತೆಗೀರಿ ಅಂದೋರು ಯಾರು? ಲಾಭಾನ ವ್ಯಾಪಾರಕ್ಕೇ ವಾಪಸ್ ಹಾಕೋರಿಗೆ ಅಂತಲೇ 2000ದಲ್ಲಿ ತಂದ ಪದ್ಧತಿ ಅದು. ಖರ್ಚು ಬರ್ಕೊಳ್ಳಿ: ಇ-ರೆಸಿಡೆನ್ಸಿ ಅರ್ಜಿ 150 ಯೂರೋ, ಕಂಪನಿ ನೋಂದಣಿ 265. ಕನಿಷ್ಠ 2,500 ಬಂಡವಾಳದ ಕಟ್ಟಳೆ 2023ರಲ್ಲೇ ಹೋಯ್ತು. ತಿನ್ನೋದು ವರ್ಷ ವರ್ಷದ ಖರ್ಚು: ಅಲ್ಲಿನ ವಿಳಾಸ, ಸರ್ಕಾರಿ ಪತ್ರ ತಗೊಳ್ಳೋ ಕಾಂಟ್ಯಾಕ್ಟ್ ಪರ್ಸನ್, ಲೆಕ್ಕಿಗರು. ಒಂದು ಇನ್‌ವಾಯ್ಸ್ ಹರಿಯದಿದ್ರೂ ವಾರ್ಷಿಕ ವರದಿ ಹೋಗ್ಲೇಬೇಕು, ಡಿಸೆಂಬರ್‌ಗೆ ಲೆಕ್ಕ ಮುಗಿಸೋ ಕಂಪನಿಗೆ ಜೂನ್ 30ರೊಳಗೆ. ಇ-ರೆಸಿಡೆನ್ಸಿ ಕಾರ್ಡ್‌ಗೆ ಎರಡು ಪಿನ್: ಲಾಗಿನ್ ಆಗೋಕೆ ನಾಲ್ಕಂಕಿ, ಸಹಿಗೆ ಐದಂಕಿ. ಮೂರು ಸಲ ತಪ್ಪಿದ್ರೆ ಲಾಕ್, ಪಿಯುಕೆ (ಬೀಗ ಬಿಡಿಸೋ ಕೋಡ್) ಹಾಕಿ ತೆಗೀಬೇಕು. ಈ ಕೋಡ್‌ಗಳು ಬರೋ ಲಕೋಟೆ ಎಸೀಬೇಡಿ.

ಫಾರೆಕ್ಸ್ ಕೌಂಟರ್: ಗೌಡ್ರು ಅರ್ಧ ಕಥೆನೇ ಬಿಟ್ರಲ್ಲ. ಇಲ್ಲಿ ಕೂತು ಆ ಕಂಪನಿಯ ಷೇರು ಕೊಂಡ್ರೆ ಅದು ಓಡಿಐ, ಅಂದ್ರೆ ವಿದೇಶಿ ನೇರ ಹೂಡಿಕೆ, ಆರ್‌ಬಿಐ ನಿಯಮ ಬರುತ್ತೆ. ಮೊದಲು ಬ್ಯಾಂಕಿಗೆ ಆ ಹೂಡಿಕೆಯ ಅರ್ಜಿ (ಫಾರ್ಮ್ ಎಫ್‌ಸಿ), ಆಮೇಲೆ ಅದಕ್ಕೊಂದು ಗುರುತಿನ ಸಂಖ್ಯೆ (ಯುಐಎನ್). ಹಣ ಹೋದ ಆರು ತಿಂಗಳೊಳಗೆ ಬ್ಯಾಂಕಿನೋರು ಷೇರ್ ಸರ್ಟಿಫಿಕೇಟ್ ಕೇಳ್ತಾರೆ. ಎಸ್ಟೋನಿಯಾದ ಓಯೂ (ಅಲ್ಲಿನ ಪ್ರೈವೇಟ್ ಲಿಮಿಟೆಡ್) ಕಂಪನಿಗೆ ಅಂಥ ಕಾಗದವೇ ಇರಲ್ಲ! ವ್ಯಾಪಾರ ರಿಜಿಸ್ಟರ್‌ನಿಂದ ಷೇರುದಾರರ ಪಟ್ಟಿ ಇಂಗ್ಲಿಷ್‌ನಲ್ಲಿ ಇಳಿಸಿ ಕೊಡಿ. ಪ್ರತಿ ಡಿಸೆಂಬರ್ 31ರೊಳಗೆ ಎಪಿಆರ್, ಅಂದ್ರೆ ಆ ಕಂಪನಿ ಹೇಗೆ ನಡೀತಿದೆ ಅನ್ನೋ ವರದಿ, ಬ್ಯಾಂಕಿಗೆ ಕೊಡಬೇಕು. ತಡವಾದ್ರೆ 7,500 ರೂಪಾಯಿ. ಆದಾಯ ತೆರಿಗೆ ರಿಟರ್ನ್‌ನಲ್ಲಿ ವಿದೇಶಿ ಆಸ್ತಿ ತೋರಿಸೋ ಶೆಡ್ಯೂಲ್ ಎಫ್‌ಎ ಬಿಟ್ರೆ 10 ಲಕ್ಷ ದಂಡದವರೆಗೂ ಹೋಗಬಹುದು.

ತಾಲಿನ್ ಗೌಡ: ಹೆದರಿಸೋದೇ ಕೆಲಸ ಆಯ್ತು ನಿಮಗೆ. ಕ್ಲೈಂಟ್ ಯುರೋಪಿನೋರಾದ್ರೆ ಇದಕ್ಕಿಂತ ಸಲೀಸು ಯಾವುದಿದೆ?

ಪ್ಯಾನಲ್ ಮನೆ: ಕಂಪನಿ ಗಲಾಟೆ ಬಿಡಿ ಸಾರ್. ಈ ದುಡ್ಡಿಗೆ ರಾಜಧಾನಿ ತಾಲಿನ್‌ನಲ್ಲಿ ಫ್ಲಾಟ್ ಸಿಗಲ್ಲ. ಸಿಗೋದು ಈಶಾನ್ಯದ ಕೋಹ್ಟ್ಲಾ-ಯಾರ್ವೆ ಊರಿನ ಕಡೆ, ಸೋವಿಯತ್ ಕಾಲದ ಕಟ್ಟಡಗಳಲ್ಲಿ. ಬೆಲೆ ನೋಡಿ ಬಾಯಿ ಬಿಡಬೇಡಿ, ಚಳಿಗಾಲದ ಬಿಲ್ ಕೇಳಿ. ಹಳೇ ಒಂದೇ ಪೈಪಿನ ರೇಡಿಯೇಟರ್ ಇದ್ದಲ್ಲಿ ಮನೆ ಬೆಚ್ಚಗಿಡೋ ಖರ್ಚನ್ನ ಚದರ ಮೀಟರ್ ಲೆಕ್ಕದಲ್ಲಿ ಹಂಚ್ತಾರೆ. ಬಾಡಿಗೆದಾರ ಇಲ್ಲದ ಖಾಲಿ ಮನೆಗೂ ಅಷ್ಟೇ ಬೀಳುತ್ತೆ. 2018ರಿಂದ ಪ್ರತಿ ಕಟ್ಟಡಕ್ಕೂ ಅಪಾರ್ಟ್‌ಮೆಂಟ್ ಸಂಘ ಇರಲೇಬೇಕು. ಮಾರಿದವರ ಬಾಕಿಗೆ ಕೊಂಡವರು ಜಾಮೀನುದಾರರ ಥರ ಹೊಣೆ. ನೋಟರಿ ಮುಂದೆ ಕೂರೋ ಮೊದಲೇ ಸಂಘದಿಂದ ಬಾಕಿ ಪತ್ರ ತರಿಸಿ, ರಿಪೇರಿ ಸಾಲ ಎಷ್ಟಿದೆ ಅಂತಲೂ ಬರೆಸ್ಕೊಳ್ಳಿ.

ಲೆಕ್ಕದ ಮೇಷ್ಟ್ರು: ನಾರ್ವಾದಲ್ಲೂ ಅಗ್ಗ. ನದಿ ದಾಟಿದ್ರೆ ರಷ್ಯಾ, ಅದಕ್ಕೇ ಅಗ್ಗ.

ತಾಲಿನ್ ಗೌಡ: 2004ರಿಂದ ನೇಟೋದಲ್ಲಿರೋ ದೇಶ ಕಣ್ರೀ! ಸುಮ್ಮನೆ ಪುಕಾರು ಹಬ್ಬಿಸ್ಬೇಡಿ.

ಲೆಕ್ಕದ ಮೇಷ್ಟ್ರು: ನೇಟೋ ಬಂದು ಬಾಡಿಗೆದಾರನ್ನ ಹುಡುಕಿಕೊಡುತ್ತಾ?

ಫಾರೆಕ್ಸ್ ಕೌಂಟರ್: ನೀವಿಬ್ಬರೂ ಆಮೇಲೆ ಜಗಳ ಆಡಿ. ಹಾಸನದವರೇ, 15 ಲಕ್ಷ ಒಂದೇ ಆರ್ಥಿಕ ವರ್ಷದಲ್ಲಿ ಕಳಿಸಿದ್ರೆ 10 ಲಕ್ಷ ಮೀರಿದ 5 ಲಕ್ಷಕ್ಕೆ 20% ಟಿಸಿಎಸ್ (ಹಣ ಕಳಿಸುವಾಗಲೇ ಬ್ಯಾಂಕ್ ವಸೂಲಿ ಮಾಡೋ ತೆರಿಗೆ), ಅಂದ್ರೆ 1 ಲಕ್ಷ ಹಿಡೀತಾರೆ. ರಿಟರ್ನ್ ಹಾಕಿದ್ಮೇಲೆ ಲೆಕ್ಕಕ್ಕೆ ಬರುತ್ತೆ, ಅಲ್ಲಿವರೆಗೆ ಸಿಕ್ಕಿಹಾಕ್ಕೊಂಡಿರುತ್ತೆ. ಮಾರ್ಚ್‌ನಲ್ಲಿ 8, ಏಪ್ರಿಲ್‌ನಲ್ಲಿ 7 ಅಂತ ಒಡೆದ್ರೆ ಆ ತೊಂದರೆ ಇಲ್ಲ. ಆದ್ರೆ ಮಗಳ ಫೀಸೂ ನಿಮ್ಮ ಪ್ಯಾನ್‌ನಿಂದಲೇ ಹೋಗೋದಾದ್ರೆ ಅದೂ ಇದೇ 10 ಲಕ್ಷದೊಳಗೆ ಸೇರುತ್ತೆ. ಫೀಸ್ ಯಾವ ತಿಂಗಳು ಕಟ್ಟಬೇಕು ಅಂತ ಮೊದಲೇ ಗೊತ್ತು ಮಾಡ್ಕೊಳ್ಳಿ.